ಬಿರುಕು ಬಿಟ್ಟ ವೀಣೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಕಣಕಟ್ಟೆ ಒಂದು ಹೋಬಳಿಯ ಮುಖ್ಯ ಸ್ಥಳ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ. ಹಲವು ಊರುಗಳಲ್ಲಿ ಪಾಠ ಹೇಳಿ, ನಿವೃತ್ತನಾಗಿ ಮರಳಿ ಬಂದು ನೆಲೆಸಿರುವುದೂ ಅಲ್ಲಿಯೇ. ನಮ್ಮದು ಬಯಲುಸೀಮೆ. ಮಳೆಯನ್ನು ನಂಬಿದ ಹೊಲಗಳು, ತೆಂಗಿನ ತೋಟಗಳು, ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಕೆರೆಕಟ್ಟೆಗಳು, ಇವೇ ನಮ್ಮ ಸೀಮೆಯ ಸಂಪತ್ತು. ಕೆರೆಯ ನೀರು ಬತ್ತಿದಾಗ ಅಂಗಳದ ಮಣ್ಣು ಒಣಗಿ, ಬಲೆ ಹಾಸಿದಂತೆ ಬಿರುಕು ಬಿಡುತ್ತದೆ. ಬಾಲ್ಯದಲ್ಲಿ ಅದನ್ನು ಮೊದಲ ಸಲ ಕಂಡು ನಾನು ಹೆದರಿದಾಗ ತಂದೆಯವರು ಹೇಳಿದ ಮಾತು ಇಂದಿಗೂ ನೆನಪಿದೆ: “ಅಂಗಳದ ಬಿರುಕಿಗೆ ಅಂಜಬೇಡ, ಮಗು. ಮೊದಲ ಮಳೆಗೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಏರಿಯ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಊರೊಳಕ್ಕೆ ಓಡಿಬಂದು ಹೇಳು.”

ಆ ಮಾತಿನ ಪೂರ್ಣಾರ್ಥ ನನಗೆ ತಿಳಿದದ್ದು ಅರುವತ್ತು ದಾಟಿದ ಮೇಲೆ, ಒಂದು ಹಳೆಯ ವೀಣೆಯನ್ನು ಕೊಂಡಾಗ.

ನನ್ನ ಮೊಮ್ಮಗಳು ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ವಾರಕ್ಕೊಮ್ಮೆ ಅರಸೀಕೆರೆಗೆ ಹೋಗಿ ವೀಣೆಯ ಪಾಠ ಹೇಳಿಸಿಕೊಂಡು ಬರುತ್ತಿದ್ದಳು. ಆದರೆ ಮನೆಯಲ್ಲಿ ವೀಣೆ ಇಲ್ಲ. ಅಭ್ಯಾಸವಿಲ್ಲದ ವಿದ್ಯೆ ನೀರಿಲ್ಲದ ಪೈರಿನಂತೆ. ಹೊಸದೊಂದು ಒಳ್ಳೆಯ ವೀಣೆಗೆ ನನ್ನ ಹಲವು ತಿಂಗಳ ನಿವೃತ್ತಿ ವೇತನವನ್ನು ತೆರಬೇಕಾಗಿತ್ತು. ನನ್ನ ಸಂಕಟವನ್ನು ಅರಿತ ಸಂಗೀತದ ಉಪಾಧ್ಯಾಯಿನಿಯವರು, “ಬೇಲೂರಿನಿಂದಾಚೆ ಒಂದು ಹಳ್ಳಿಯ ಮನೆಯಲ್ಲಿ ಹಳೆಯ ಮೈಸೂರು ವೀಣೆಯೊಂದು ಇದೆಯಂತೆ. ನುಡಿಸುವವರಿಲ್ಲ. ಹೋಗಿ ನೋಡಿ ಬನ್ನಿ” ಎಂದರು.

ಹಳೆಯ ವಾದ್ಯವೆಂದರೆ ನನಗೆ ಒಳಗೊಳಗೇ ಒಂದು ಅಳುಕು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಆದರೂ ಒಂದು ದಿನ ತಾತ ಮೊಮ್ಮಗಳಿಬ್ಬರೂ ಹೊರಟೆವು. ಬಾಣಾವರ, ಜಾವಗಲ್ ದಾಟಿ ಬಸ್ಸು ಹಳೇಬೀಡನ್ನು ತಲುಪಿದಾಗ ಬೇಲೂರಿನ ಬಸ್ಸಿಗೆ ಇನ್ನೂ ಸಮಯವಿತ್ತು. ಹೊಯ್ಸಳೇಶ್ವರ ದೇವಾಲಯವನ್ನು ನೋಡಿಬರಲು ಹೋದೆವು. ಹನ್ನೆರಡನೆಯ ಶತಮಾನದ ಆ ಗೋಡೆಗಳ ಮೇಲೆ ನರ್ತಿಸುವವರೂ ಮದ್ದಳೆ ಬಾರಿಸುವವರೂ ಕೊಳಲೂದುವವರೂ ಸಾಲುಗೊಂಡು ನಿಂತಿದ್ದಾರೆ. ಎಷ್ಟೋ ವಿಗ್ರಹಗಳ ಕೈಗಳು ಮುರಿದಿವೆ, ಮೂಗುಗಳು ಭಿನ್ನವಾಗಿವೆ. “ಇವುಗಳಿಗೆ ಹೊಸ ಕೈಗಳನ್ನು ಏಕೆ ಮಾಡಿಸಿಲ್ಲ ತಾತ?” ಎಂದು ಮೊಮ್ಮಗಳು ಕೇಳಿದಳು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದವು. ಲೋಕವೆಲ್ಲ ಅವನ್ನು ಗೌರವಿಸುವುದು ಅವು ಹೊಸದಾಗಿ ಕಾಣುತ್ತವೆಂದಲ್ಲ, ಆ ಶಿಲ್ಪಿಗಳ ಕೈಕೆಲಸ ಅಲ್ಲಿ ಹಾಗೆಯೇ ಉಳಿದಿದೆಯೆಂದು. ಅವಳಿಗೆ ಅಷ್ಟನ್ನೇ ಹೇಳಿದೆ. ಆ ಉತ್ತರ ನನಗೇ ಬೇಕಾಗಬಹುದೆಂದು ಆಗ ತಿಳಿದಿರಲಿಲ್ಲ.

ಹೊಯ್ಸಳರ ಕಾಲದ ವೀಣೆ ಇಂದಿನ ವೀಣೆಯಂತೆ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅಂದಿನ ಶಿಲ್ಪಗಳಲ್ಲಿ ಕಾಣುವುದು ಹೆಚ್ಚಾಗಿ ಉದ್ದವಾದ ಕೋಲಿಗೆ ಸೋರೆಬುರುಡೆಯನ್ನು ಕಟ್ಟಿದ ವಾದ್ಯ. ದೊಡ್ಡ ಮರದ ಕೊಡ, ಅಗಲವಾದ ದಂಡಿ, ಕದಲದ 24 ಮೆಟ್ಟಿಲುಗಳು ಇರುವ ಇಂದಿನ ವೀಣೆ 17ನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ರೂಪುಗೊಂಡಿತೆಂದು ಪ್ರತೀತಿಯಿದೆ. ಮುಂದೆ ಮೈಸೂರು ಅರಮನೆಯ ಆಶ್ರಯದಲ್ಲಿ ಆ ವಿದ್ಯೆ ಬಹಳ ಎತ್ತರಕ್ಕೆ ಏರಿತು. ವೀಣೆ ಶೇಷಣ್ಣನವರು (1852–1926) ಆ ಪರಂಪರೆಯ ಮಹಾಪುರುಷರು. ವೀಣೆಯನ್ನು ಲೋಕಕ್ಕೆ ಕೇಳಿಸಿದ ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರು ಹುಟ್ಟಿದ್ದು ನಮ್ಮ ಹಾಸನ ಜಿಲ್ಲೆಯಲ್ಲಿಯೇ.

ನಾವು ಹುಡುಕಿಕೊಂಡು ಹೋದ ಮನೆ ಮಲೆನಾಡಿನ ಅಂಚಿನಲ್ಲಿತ್ತು. ಮನೆಯ ಹಿರಿಯರು ಎಂಬತ್ತರ ಆಸುಪಾಸಿನ ಒಬ್ಬ ತಾಯಿ. ಅವರು ಒಳಮನೆಯಿಂದ ಹಳೆಯ ಸೀರೆಯಲ್ಲಿ ಸುತ್ತಿದ್ದ ವೀಣೆಯನ್ನು ತರಿಸಿ ಚಾಪೆಯ ಮೇಲೆ ಇಡಿಸಿದರು. ಸೀರೆಯನ್ನು ಬಿಚ್ಚಿದೊಡನೆ ಮೊಮ್ಮಗಳ ಮುಖ ಬಾಡಿತು. ಕೊಡದ ಮೇಲಿನ ಪಾಲಿಷ್ ತುಂಬ ಸಣ್ಣ ಸಣ್ಣ ಬಿರುಕುಗಳು, ಬತ್ತಿದ ಕೆರೆಯಂಗಳದ ಚಿತ್ರವನ್ನೇ ಚಿಕ್ಕದಾಗಿ ಬರೆದಂತೆ. ಮೇಲ್ಹಲಗೆಯಲ್ಲಿ ಕುದುರೆಯ ಪಕ್ಕದಿಂದ ಅಂಚಿನ ಕಡೆಗೆ ಒಂದು ಗೇಣುದ್ದದ ಕರಿಯ ಗೆರೆ. ತಂತಿಗಳು ತುಕ್ಕು ಹಿಡಿದಿದ್ದವು.

“ನಮ್ಮ ಅತ್ತೆಯವರ ವೀಣೆ, ಮೇಷ್ಟ್ರೇ,” ಎಂದರು ಆ ತಾಯಿ. “ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ. ಪೇಟೆಯಿಂದ ಒಬ್ಬರು ಬಂದು ಒಳ್ಳೆಯ ಬೆಲೆ ಕೊಡುತ್ತೇನೆ ಎಂದರು. ಏನು ಮಾಡುತ್ತೀರಿ ಎಂದು ಕೇಳಿದೆ. ಹೋಟೆಲಿನ ಗೋಡೆಗೆ ತೂಗುಹಾಕುತ್ತಾರಂತೆ. ನನಗೆ ಮನಸ್ಸು ಬರಲಿಲ್ಲ.”

ಹಳೆಯ ವಾದ್ಯವನ್ನು ಕೊಳ್ಳುವವರು ಏನನ್ನು ನೋಡಬೇಕೆಂದು ಉಪಾಧ್ಯಾಯಿನಿಯವರು ಮೊದಲೇ ಹೇಳಿಕೊಟ್ಟಿದ್ದರು. ಅದರಂತೆಯೇ ನೋಡಿದೆವು. ಮೊದಲನೆಯದಾಗಿ ವೀಣೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ದಂಡಿಯ ಉದ್ದಕ್ಕೆ ದೃಷ್ಟಿ ಹಾಯಿಸಿದೆ. ತಂತಿಗಳ ಎಳೆತಕ್ಕೆ ದಂಡಿ ಬಾಗಿದ್ದರೆ ಅಂಥ ವೀಣೆಯನ್ನು ಸರಿಪಡಿಸುವುದು ಬಹಳ ಕಷ್ಟ. ಅದು ನೇರವಾಗಿಯೇ ಇತ್ತು. ಎರಡನೆಯದಾಗಿ ಕೊಡವನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟೆ. ನಮ್ಮ ಸೀಮೆಯ ರೈತನು ತೆಂಗಿನಕಾಯಿಯನ್ನು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ಕಿವಿಯಿಂದಲೇ ತಿಳಿಯುವುದಿಲ್ಲವೆ? ಹಾಗೆಯೇ ಇದು. ಬೆಸುಗೆ ಬಿಟ್ಟಿರುವ ಕಡೆ ನಾದದೊಡನೆ ಝರಝರ ಸದ್ದು ಬೆರೆಯುತ್ತದೆ. ಮೂರನೆಯದಾಗಿ ಹುಳು ಕೊರೆದ ತೂತುಗಳಿವೆಯೇ, ಕೆಳಗೆ ಮರದ ಹುಡಿ ಉದುರುತ್ತಿದೆಯೇ ಎಂದು ಪರೀಕ್ಷಿಸಿದೆವು. ನಾಲ್ಕನೆಯದಾಗಿ ಬಿರಡೆಗಳನ್ನು ತಿರುಗಿಸಿ, ಅವು ತಿರುಗಿಸಿದಲ್ಲಿಯೇ ನಿಲ್ಲುತ್ತವೆಯೇ ಎಂದು ನೋಡಿದೆವು.

ಕೊನೆಯದು ಬಿರುಕುಗಳ ಪರೀಕ್ಷೆ. ಮೊಮ್ಮಗಳಿಗೆ, “ಉಗುರಿನಿಂದ ಬಿರುಕಿಗೆ ಅಡ್ಡಲಾಗಿ ಮೆಲ್ಲನೆ ಸವರಿ ನೋಡು” ಎಂದೆ. ಬಲೆಯಂಥ ಸಣ್ಣ ಬಿರುಕುಗಳ ಮೇಲೆ ಅವಳ ಉಗುರು ಎಲ್ಲಿಯೂ ತಡೆಯದೆ ಜಾರಿತು. ಅವು ಪಾಲಿಷಿನ ಬಿರುಕುಗಳು, ಮರಕ್ಕೆ ಇಳಿದಿರಲಿಲ್ಲ. ಆದರೆ ಗೇಣುದ್ದದ ಆ ಗೆರೆಯ ಮೇಲೆ ಉಗುರು ತಟ್ಟನೆ ನಿಂತು ಒಳಕ್ಕಿಳಿಯಿತು. ಅದು ಮರದ ಬಿರುಕು. ಅವಳು ನನ್ನ ಮುಖ ನೋಡಿದಳು. “ಮೊದಲಿನದು ಕೆರೆಯಂಗಳದ ಬಿರುಕು, ಇದು ಏರಿಯ ಬಿರುಕು” ಎಂದೆ.

ಈ ಎರಡೂ ಹೇಗೆ ಆಗುತ್ತವೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಕಡಿದು ಒಣಗಿಸಿದ ಮೇಲೂ ಮರವು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ತೇವ ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ವ್ಯತ್ಯಾಸ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು. ಹಲಗೆಯ ಅಂಚುಗಳನ್ನು ಅಂಟಿಸಿ ಬಿಗಿದಿರುವಾಗ ಅದು ಕುಗ್ಗಲು ಎಡೆಯಿಲ್ಲದೆ, ನಾರಿನ ಜಾಡು ಹಿಡಿದು ಸೀಳುತ್ತದೆ. ಇದು ಮರದ ಬಿರುಕು. ಪಾಲಿಷಿನ ಕಥೆ ಬೇರೆ. ಹಳೆಯ ವಾದ್ಯಗಳಿಗೆ ಬಳಿಯುತ್ತಿದ್ದುದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಷ್. ವರ್ಷಗಳು ಕಳೆದಂತೆ ಆ ತೆಳುಪೊರೆ ಪೆಡಸಾಗುತ್ತದೆ. ಕೆಳಗಿನ ಮರ ಹಿಗ್ಗಿ ಕುಗ್ಗುವಾಗ ಅದರೊಡನೆ ಬಾಗಲಾರದೆ ನೂರಾರು ಕಡೆ ಸಣ್ಣಗೆ ಒಡೆಯುತ್ತದೆ. ಮುದಿತನದಲ್ಲಿ ಚರ್ಮಕ್ಕೆ ಬೀಳುವ ಸುಕ್ಕಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಸುಕ್ಕು ರೋಗವಲ್ಲ.

ಇನ್ನೊಂದು ವಿಷಯವನ್ನೂ ನೋಡಬೇಕಾಗಿತ್ತು. ಮೈಸೂರಿನ ಹಳೆಯ ವೀಣೆಗಳಲ್ಲಿ ಆನೆಯ ದಂತದ ಕುಸುರಿ ಕೆಲಸ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಷೇಧಿಸಿವೆ. ಈ ವೀಣೆ ಅಂಥ ಅಲಂಕಾರವಿಲ್ಲದ, ಹಲಸಿನ ಮರದ ಸಾದಾ ವೀಣೆ. ಅದು ನಮ್ಮ ಪುಣ್ಯವೆಂದುಕೊಂಡೆ.

ಬೆಲೆಯ ಮಾತು ಬಂದಾಗ ನಾನು ಸಂಕೋಚದಿಂದ ನನ್ನ ಒಂದು ತಿಂಗಳ ನಿವೃತ್ತಿ ವೇತನದಷ್ಟು ಹಣವನ್ನು ಹೇಳಿದೆ. ಪೇಟೆಯವರು ಹೇಳಿದ್ದಕ್ಕಿಂತ ಅದು ಕಡಿಮೆಯೆಂದು ನನಗೆ ಗೊತ್ತಿತ್ತು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಮೇಷ್ಟ್ರೇ. ಆದರೆ ಇದು ನುಡಿಯುವಂತಾದ ಮೇಲೆ ಒಂದು ಸಲ ಇಲ್ಲಿಗೆ ತಂದು ಕೇಳಿಸಬೇಕು. ಈ ಮಗುವೇ ನುಡಿಸಬೇಕು” ಎಂದರು. ಒಪ್ಪಿಕೊಂಡು ವೀಣೆಯನ್ನು ತಂದೆವು.

ಇನ್ನು ನನ್ನ ತಪ್ಪನ್ನು ಹೇಳಬೇಕು. ದೀಪಾವಳಿ ಕಳೆದ ಮೇಲೆ ಬಂದ ವೀಣೆಯನ್ನು, ಮಕ್ಕಳ ಕೈಗೆ ಸಿಕ್ಕದಿರಲೆಂದು, ತಗಡಿನ ಮಾಡಿನ ಮೇಲಂತಸ್ತಿನ ಕೋಣೆಯಲ್ಲಿ ಇಟ್ಟೆ. ಅದರ ಪಕ್ಕದ ಅಟ್ಟದಲ್ಲಿಯೇ ನಮ್ಮ ತೆಂಗಿನಕಾಯಿಗಳು ಕೊಬ್ಬರಿಯಾಗಲು ಕಾದಿದ್ದವು. ತಿಂಗಳುಗಟ್ಟಲೆ ಅಟ್ಟದ ಬಿಸಿಯಲ್ಲಿ ಇದ್ದರೆ ಕಾಯಿಯ ನೀರು ಆರಿ, ತಿರುಳು ಕುಗ್ಗಿ, ಕರಟದಿಂದ ಬಿಡಿಸಿಕೊಳ್ಳುತ್ತದೆ ಎಂಬುದು ನಮ್ಮೂರಿನ ಮಗುವಿಗೂ ಗೊತ್ತು. ಕೊಬ್ಬರಿಗೆ ಯಾವುದು ವರವೋ ವೀಣೆಗೆ ಅದೇ ಶಾಪವೆಂದು ನನಗೆ ಹೊಳೆಯಲಿಲ್ಲ. ಸಾಲದೆಂಬಂತೆ, ಹೊಸ ತಂತಿಗಳನ್ನು ಹಾಕಿ ಬಿಗಿಯಾಗಿ ಶ್ರುತಿ ಮಾಡಿಸಿದ್ದೆವು. ಮಲೆನಾಡಿನ ತೇವದಲ್ಲಿ ಬಾಳಿದ ಮರ ಬಯಲುಸೀಮೆಯ ಒಣಗಾಳಿಗೆ ಸಿಕ್ಕಿ, ಶಿವರಾತ್ರಿಯ ಹೊತ್ತಿಗೆ ಆ ಗೇಣುದ್ದದ ಬಿರುಕು ಹಲಗೆಯ ಅಂಚನ್ನು ಮುಟ್ಟಿತು. ಕೊಡವೂ ದಂಡಿಯೂ ಕೂಡುವಲ್ಲಿ ಇನ್ನೊಂದು ಗೆರೆ ಕಾಣಿಸಿಕೊಂಡಿತು. ಮೆಟ್ಟಿಲುಗಳನ್ನು ಕೂರಿಸಿರುವ ಮೇಣ ಬಿಸಿಗೆ ಮೆತ್ತಗಾಗಿ, ಮೆಟ್ಟಿಲುಗಳು ಸ್ಥಾನ ತಪ್ಪಿದ್ದವು. ಮೊಮ್ಮಗಳು ಒಂದು ದಿನ ಕಣ್ಣೊರೆಸಿಕೊಳ್ಳುತ್ತ ಬಂದು, “ಯಾವ ಸ್ವರವೂ ಸೇರುತ್ತಿಲ್ಲ ತಾತ. ನನ್ನ ಕೈಯೇ ಸರಿಯಿಲ್ಲವೇನೋ” ಎಂದಳು. ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು.

ಸಮೀಪದ ಪೇಟೆಯಲ್ಲಿ ಮರದ ಸಾಮಾನುಗಳಿಗೆ ಪಾಲಿಷ್ ಹಾಕುವ ಒಬ್ಬರು ಬಂದು ನೋಡಿದರು. “ಇದೇನು ದೊಡ್ಡ ಕೆಲಸವಲ್ಲ ಸಾರ್. ಉಪ್ಪುಕಾಗದ ಹಾಕಿ ಹಳೆಯದನ್ನೆಲ್ಲ ಉಜ್ಜಿ ತೆಗೆದು, ಬಿರುಕಿಗೆ ಲಪ್ಪ ತುಂಬಿ, ಮೇಲೆ ಹೊಸ ವಾರ್ನಿಷ್ ಬಳಿದರೆ ಕನ್ನಡಿಯಂತೆ ಹೊಳೆಯುತ್ತದೆ” ಎಂದರು. ಕೇಳಿದ ಹಣವೂ ಸ್ವಲ್ಪವೇ. ಮನೆಯವರೆಲ್ಲ ಒಪ್ಪಿದರು. ಮೊಮ್ಮಗಳ ಕಣ್ಣಿನಲ್ಲಿಯೂ ಹೊಳೆಯುವ ವೀಣೆಯ ಆಸೆ ಕಂಡಿತು.

ಆಗ ನನಗೆ ನೆನಪಾದದ್ದು ನಮ್ಮ ತಂದೆಯವರ ತಂಬೂರಿ. ಅವರು ತೀರಿಕೊಂಡ ಮರುವರ್ಷ, ಅವರ ನೆನಪಿಗೆ ಅದನ್ನು ಅಂದಗೊಳಿಸಬೇಕೆಂದು, ನಾನು ಹೀಗೆಯೇ ಹಳೆಯ ಪಾಲಿಷನ್ನು ಉಜ್ಜಿಸಿ, ಮೂರು ಸಲ ದಪ್ಪನಾಗಿ ವಾರ್ನಿಷ್ ಬಳಿಸಿದ್ದೆ. ಉಜ್ಜುವಾಗ ಹಲಗೆಯೂ ಅಲ್ಲಲ್ಲಿ ಸವೆದಿತ್ತು. ತಂಬೂರಿ ನೋಡಲು ಚೆಲುವಾಯಿತು. ಮೀಟಿದರೆ ಮೊದಲಿನ ಝೇಂಕಾರವಿಲ್ಲ. ಮೇಲ್ಹಲಗೆ ತಂತಿಯೊಡನೆ ಕಂಪಿಸಿದರೆ ತಾನೆ ನಾದ ಹುಟ್ಟುವುದು? ದಪ್ಪನಾದ ಲೇಪ ಆ ಕಂಪನವನ್ನು ಹಿಡಿದುಹಾಕುತ್ತದೆ. ತಂದೆಯವರ ಹೆಬ್ಬೆರಳು ಸವೆಸಿದ್ದ ಗುರುತೂ ಹೊಸ ಬಣ್ಣದಡಿ ಅಳಿಸಿಹೋಗಿತ್ತು. ಅಂದಿನಿಂದ ಅದು ಗೋಡೆಯ ಅಲಂಕಾರವಾಗಿ ಉಳಿಯಿತು. ಹೋಟೆಲಿನ ಗೋಡೆಗೆ ವೀಣೆಯನ್ನು ತೂಗುಹಾಕುವವರನ್ನು ಟೀಕಿಸುವ ಅಧಿಕಾರ ನನಗಿರಲಿಲ್ಲ. ಹಳೆಯ ವಾದ್ಯದ ಬಗ್ಗೆ ನನಗಿದ್ದ ಅಳುಕಿನ ಕಾರಣ ಇದೇ. ಪಾಲಿಷಿನವರನ್ನು ಮರ್ಯಾದೆಯಿಂದ ಬೀಳ್ಕೊಟ್ಟೆ.

ಮರುವಾರ ವೀಣೆಯ ತಂತಿಗಳನ್ನು ಸಡಿಲಿಸಿ, ಕಂಬಳಿಯಲ್ಲಿ ಸುತ್ತಿ, ಅರಸೀಕೆರೆಯಲ್ಲಿ ರೈಲು ಹತ್ತಿದೆವು. ಹಾಸನದ ಮಾರ್ಗವಾಗಿ ಮೈಸೂರನ್ನು ತಲುಪಿ, ವೀಣೆಯ ಕೆಲಸದಲ್ಲಿಯೇ ಕೂದಲು ನರೆತ ಕಸುಬುದಾರರೊಬ್ಬರ ಮನೆಗೆ ಹೋದೆವು. ಅವರು ಮಾತಿಗೆ ಮೊದಲು ವೀಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಟ್ಟಿದರು, ಕೇಳಿದರು, ಮತ್ತೆ ತಟ್ಟಿದರು. ಬಳಿಕ, “ಪಾಲಿಷಿಗೆ ಏನೂ ಆಗಿಲ್ಲ. ಹಲಗೆಗೂ ಕೀಲಿಗೂ ಪೆಟ್ಟಾಗಿದೆ. ಇಂದೇ ಅಂಟು ಹಾಕುವುದಿಲ್ಲ, ಮರ ಮೊದಲು ನೀರು ಕುಡಿಯಬೇಕು” ಎಂದರು.

ಮರಕ್ಕೆ ನೀರು ಕುಡಿಸುವುದೆಂದರೆ ಅದರ ಮೇಲೆ ನೀರು ಸುರಿಯುವುದಲ್ಲ. ಬಿಸಿಲು ಬೀಳದ ಕೋಣೆಯಲ್ಲಿ, ಬಾಯಿ ಅಗಲವಾದ ನೀರಿನ ಮಡಕೆಗಳ ನಡುವೆ, ವೀಣೆಯನ್ನು ಕೆಲವು ದಿನ ಇಟ್ಟರು. ಗಾಳಿಯ ತೇವವನ್ನು ಹೀರಿ ಮರ ಮೆಲ್ಲಮೆಲ್ಲನೆ ಹಿಗ್ಗಿ, ಬಿರುಕು ತಾನಾಗಿಯೇ ಬಹುಪಾಲು ಕೂಡಿಕೊಂಡಿತು. ಬಿರುಕು ಬಾಯಿ ಬಿಟ್ಟಿರುವಾಗಲೇ ಅದನ್ನು ತುಂಬಿಬಿಟ್ಟರೆ, ಮಳೆಗಾಲದಲ್ಲಿ ಮರ ಹಿಗ್ಗಲು ಜಾಗವಿಲ್ಲದೆ ಬೇರೆ ಕಡೆ ಒಡೆಯುತ್ತದೆಂದು ಅವರು ವಿವರಿಸಿದರು.

ನಾವು ಮತ್ತೆ ಹೋದ ದಿನ ಅವರು ಮೇಲ್ಹಲಗೆಯನ್ನು ಬಿಚ್ಚುತ್ತಿದ್ದರು. ಹಿಂದಿನವರು ಅದನ್ನು ಸರೇಸಿನಿಂದ ಅಂಟಿಸಿದ್ದರು. ಸರೇಸು ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ಮಾಡುವ ಅಂಟು. ಒಣಗಿದಾಗ ಕಲ್ಲಿನಂತೆ ಹಿಡಿಯುತ್ತದೆ. ಆದರೆ ಬಿಸಿಯನ್ನೂ ತೇವವನ್ನೂ ತಗುಲಿಸಿದರೆ ಎಷ್ಟು ವರ್ಷದ ಮೇಲಾದರೂ ಬಿಡುತ್ತದೆ. ತೆಳುವಾದ ಅಲಗನ್ನು ಕಾಯಿಸಿ ಅಂಚಿನಲ್ಲಿ ತೂರಿಸುತ್ತ ಅವರು ಹಲಗೆಯನ್ನು ಇಡಿಯಾಗಿ ಎತ್ತಿದರು. ಒಳಭಾಗವನ್ನು ನೋಡಿ ಅವರ ಕೈ ಅಲ್ಲಿಯೇ ನಿಂತಿತು. ಹಲಗೆಯ ಒಳಮೈಯಲ್ಲಿ, ಇನ್ನೊಂದು ಹಳೆಯ ಬಿರುಕಿನ ಮೇಲೆ, ತಮಟೆಕಾಳಿನಂಥ ಸಣ್ಣ ಸಣ್ಣ ಮರದ ಬಿಲ್ಲೆಗಳು ನಾರಿಗೆ ಅಡ್ಡಲಾಗಿ ಒಪ್ಪವಾಗಿ ಕುಳಿತಿದ್ದವು. ಹೊರಗಿನಿಂದ ಆ ಬಿರುಕು ಕಾಣುತ್ತಲೇ ಇರಲಿಲ್ಲ.

“ನೋಡಿದಿರಾ ಮೇಷ್ಟ್ರೇ, ನನಗಿಂತ ಮೊದಲು ಒಬ್ಬರು ಇಲ್ಲಿ ಕೆಲಸ ಮಾಡಿದ್ದಾರೆ. ಯಾರೋ ಪುಣ್ಯಾತ್ಮರು, ಹೆಸರು ಬರೆದಿಲ್ಲ. ಅವರು ಸರೇಸು ಹಾಕಿದ್ದರಿಂದ ಇವತ್ತು ನಾನು ಬಿಚ್ಚಲು ಆಯಿತು. ನನ್ನ ಆಮೇಲೆಯೂ ಒಬ್ಬರು ಬಿಚ್ಚುತ್ತಾರೆ. ಅವರಿಗೆ ಕಷ್ಟವಾಗದ ಹಾಗೆ ನಾನು ಕೆಲಸ ಮಾಡಬೇಕು,” ಎಂದರು ಆ ಹಿರಿಯರು. ಇಂದಿನ ದಿನಗಳಲ್ಲಿ ಕ್ಷಣಾರ್ಧದಲ್ಲಿ ಅಂಟುವ ಅಂಟುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳನ್ನು ಅವರು ಅಲ್ಲಿ ಬಳಸಲಿಲ್ಲ. ಮರಳಿ ಬಿಚ್ಚಲಾಗದ ಅಂಟು ಮುಂದಿನವರ ಕೈಯನ್ನು ಕಟ್ಟಿಹಾಕುತ್ತದೆ ಎಂಬುದು ಅವರ ಅಭಿಪ್ರಾಯ.

ಉಳಿದಿದ್ದ ಕಿರಿದಾದ ಸಂದಿಗೆ ಹಲಸಿನ ಮರದ ತೆಳುವಾದ ಸೀಳನ್ನು, ನಾರಿಗೆ ನಾರು ಹೊಂದುವಂತೆ, ಕೂರಿಸಿದರು. ಒಳಗಡೆ ಹೊಸ ಬಿಲ್ಲೆಗಳನ್ನು ಅಂಟಿಸಿದರು. ಕೊಡ ದಂಡಿಗಳ ಕೀಲನ್ನು ಬಿಗಿದು, ಹಲಗೆಯನ್ನು ಮುಚ್ಚಿ, ಹಗ್ಗ ಸುತ್ತಿ ಬೆಣೆ ಹೊಡೆದು ಒಣಗಲು ಬಿಟ್ಟರು. ಆಮೇಲೆ ಮೇಳ ಕಟ್ಟುವ ಕೆಲಸ. ಜೇನುಮೇಣಕ್ಕೆ ಇದ್ದಿಲ ಪುಡಿಯನ್ನು ಬೆರೆಸಿ ಹದಮಾಡಿ ದಂಡಿಯ ಮೇಲೆ ಹಾಸಿ, 24 ಮೆಟ್ಟಿಲುಗಳನ್ನು ಒಂದೊಂದಾಗಿ ನಿಲ್ಲಿಸಿದರು. ತಂತಿಯ ನಡುಮಧ್ಯದಲ್ಲಿ ಬರುವ 12ನೆಯ ಮೆಟ್ಟಿಲಿನಲ್ಲಿ ಮೇಲಿನ ಸ್ಥಾಯಿಯ ಷಡ್ಜ ನುಡಿಯುತ್ತದೆ. ತಂತಿಯ ಕಾಲುಭಾಗ ಮಾತ್ರ ಉಳಿಯುವಲ್ಲಿ 24ನೆಯ ಮೆಟ್ಟಿಲು ಇರುತ್ತದೆ. ಅಲ್ಲಿ ಇನ್ನೊಂದು ಸ್ಥಾಯಿ ಮುಗಿಯುತ್ತದೆ. ಗಣಿತ ಹೀಗೆ ಸುಲಭವಾದರೂ ಅವರು ಅಳತೆಯ ಪಟ್ಟಿಯನ್ನು ಕೊನೆಯ ತೀರ್ಪಿಗೆ ಬಳಸಲಿಲ್ಲ. ಪ್ರತಿಯೊಂದು ಮೆಟ್ಟಿಲನ್ನೂ ಕಿವಿಯಿಂದ ಕೇಳಿಯೇ ಸ್ಥಳಕ್ಕೆ ಒತ್ತಿದರು.

ಪಾಲಿಷಿನ ವಿಷಯದಲ್ಲಿ ಅವರು ಮಾಡಿದ್ದು ಬಹಳ ಸ್ವಲ್ಪ. ಹೊಸ ಸೀಳು ಕೂತ ಕಡೆ ಮಾತ್ರ, ಹತ್ತಿಯನ್ನು ಅರಿವೆಯಲ್ಲಿ ಕಟ್ಟಿದ ಉಂಡೆಯಿಂದ, ಅರಗಿನ ಪಾಲಿಷನ್ನು ತೆಳುವಾಗಿ ಸವರಿದರು. ಅರಗಿನ ಗುಣವೇ ಅಂಥದು. ಹೊಸ ಪಾಲಿಷಿನಲ್ಲಿರುವ ಸ್ಪಿರಿಟ್ ಹಳೆಯ ಪೊರೆಯನ್ನು ಕೊಂಚ ಕರಗಿಸುತ್ತದೆ. ಹಳತೂ ಹೊಸತೂ ಒಂದಾಗಿ ಬೆರೆಯುತ್ತವೆ. ಮರಗಳ ಮೇಲೆ ಬಾಳುವ ಒಂದು ಸಣ್ಣ ಕೀಟದಿಂದ ದೊರೆಯುವ ಈ ಅರಗಿಗೆ ಮೈಸೂರು ಸೀಮೆಯಲ್ಲಿ ದೊಡ್ಡ ಇತಿಹಾಸವೇ ಇದೆ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದು ಇದರಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಮುಂದೆ ಚುನಾವಣೆಗಳಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಹೆಸರಾಯಿತು.

“ಉಳಿದ ಬಿರುಕುಗಳು ಹಾಗೆಯೇ ಇರುತ್ತವೆಯೇ?” ಎಂದು ಮೊಮ್ಮಗಳು ಸಣ್ಣ ದನಿಯಲ್ಲಿ ಕೇಳಿದಳು. “ಇರಲಿ ತಾಯಿ, ಅದು ವೀಣೆಯ ವಯಸ್ಸು. ಅದನ್ನು ಕಿತ್ತರೆ ದನಿಯೂ ಜೊತೆಯಲ್ಲಿ ಹೋದೀತು” ಎಂದು ಹಿರಿಯರು ನಕ್ಕರು.

ಇದು ನಮ್ಮ ಕಸುಬುದಾರರ ಅಭಿಪ್ರಾಯ ಮಾತ್ರವಲ್ಲ. ಇಟಲಿಯ ಕ್ರೆಮೋನಾ ನಗರದಲ್ಲಿ ಆಂಟೋನಿಯೋ ಸ್ಟ್ರಾಡಿವಾರಿ ಎಂಬ ಮಹಾ ಕುಶಲಿ ಪಿಟೀಲುಗಳನ್ನು ಮಾಡಿ 1737ರಲ್ಲಿ ತೀರಿಕೊಂಡನು. ಅವನು ಮಾಡಿದ ಪಿಟೀಲುಗಳಲ್ಲಿ ಹಲವನ್ನು ಇಂದಿಗೂ ಸಭೆಗಳಲ್ಲಿ ನುಡಿಸುತ್ತಾರೆ. ಅವುಗಳಲ್ಲಿ ಬಿರುಕು ಮುಚ್ಚಿದ, ಮತ್ತೆ ಮತ್ತೆ ಬಿಚ್ಚಿ ಸೇರಿಸಿದ ಗುರುತುಗಳು ಇವೆ. ಸವೆದ ವಾರ್ನಿಷನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ. ಗಿಟಾರ್ ವಾದ್ಯದ ಕಥೆಯೂ ಹೀಗೆಯೇ. ಉಕ್ಕಿನ ಆರು ತಂತಿಗಳು ಸೇರಿ ಗಿಟಾರಿನ ಹಲಗೆಯನ್ನು ಸುಮಾರು 70 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅಮೆರಿಕದ ಹಳೆಯ ಗಿಟಾರುಗಳಿಗೆ ಬಳಿದ ನೈಟ್ರೋಸೆಲ್ಯುಲೋಸ್ ಲೇಪವು ಚಳಿ ಸೆಕೆಗಳ ಹಠಾತ್ ಬದಲಾವಣೆಗೆ ಬಲೆಬಲೆಯಾಗಿ ಒಡೆಯುತ್ತದೆ. ಬಲ್ಲವರು ಅದನ್ನು ದೋಷವೆಂದು ಎಣಿಸುವುದಿಲ್ಲ. ಮರ ಸೀಳಿದೆಯೇ, ಕೀಲು ಕದಲಿದೆಯೇ ಎಂದು ಮಾತ್ರ ನೋಡುತ್ತಾರೆ. ಹೊಸ ಗಿಟಾರುಗಳಿಗೆ ಬೇಕೆಂದೇ ಇಂಥ ಬಿರುಕುಗಳನ್ನು ಮೂಡಿಸಿ ಮಾರುವವರೂ ಈಗ ಇದ್ದಾರೆ! ವಯಸ್ಸನ್ನು ಅಳಿಸುವುದು ಎಷ್ಟು ವ್ಯರ್ಥವೋ ವಯಸ್ಸನ್ನು ನಟಿಸುವುದೂ ಅಷ್ಟೇ ವ್ಯರ್ಥ.

ವೀಣೆಯನ್ನು ಕೈಗೆ ಕೊಡುವಾಗ ಹಿರಿಯರು ಮೊಮ್ಮಗಳಿಗೆ ಕೆಲವು ಮಾತು ಹೇಳಿದರು. ಬಿಸಿಲಿಗೂ ಒಲೆಯ ಬಿಸಿಗೂ ದೂರವಾಗಿ, ನಡುಮನೆಯಲ್ಲಿ ಇಡಬೇಕು. ಬೇಸಗೆಯಲ್ಲಿ ಪಕ್ಕದಲ್ಲಿ ಒಂದು ನೀರಿನ ಮಡಕೆಯಿರಬೇಕು. ಬಹುಕಾಲ ನುಡಿಸದಿದ್ದರೆ ತಂತಿಗಳನ್ನು ಸಡಿಲಿಸಬೇಕು. “ಎಲ್ಲಕ್ಕಿಂತ ಮುಖ್ಯ, ದಿನವೂ ನುಡಿಸಬೇಕು. ನುಡಿಸುವವರ ಕಣ್ಣು ದಿನವೂ ಬೀಳುವ ವಾದ್ಯದಲ್ಲಿ ಬಿರುಕು ಬೆಳೆಯುವುದಿಲ್ಲ.”

ಕೊಟ್ಟ ಮಾತಿನಂತೆ ಮಳೆಗಾಲ ಹಿಡಿಯುವ ಮೊದಲೇ ಬೇಲೂರಿನ ಆಚೆಯ ಆ ಮನೆಗೆ ವೀಣೆಯನ್ನು ಒಯ್ದೆವು. ಆ ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ದೃಷ್ಟಿ ಮೊದಲಿಗಿಂತ ಮಂದವಾಗಿತ್ತು. ಕೊಡದ ಅಂಚಿನಲ್ಲಿ, ನುಡಿಸುವವರ ಬಲಗೈ ಊರುವ ಕಡೆ, ಪಾಲಿಷ್ ಸವೆದು ಮರ ನುಣುಪಾಗಿತ್ತು. ಅವರು ಬೆರಳಿನಿಂದ ತಡವುತ್ತ ಆ ಸ್ಥಳವನ್ನು ಹುಡುಕಿ, “ಇದೆ” ಎಂದರು, ಅಷ್ಟೇ. ನಾನು ಉಜ್ಜಿಸಿಬಿಟ್ಟಿದ್ದರೆ ಆ ಬೆರಳುಗಳಿಗೆ ಅಲ್ಲಿ ಏನು ಸಿಕ್ಕುತ್ತಿತ್ತು?

ಮೊಮ್ಮಗಳು ಅದೇ ಸವೆದ ಜಾಗದಲ್ಲಿ ತನ್ನ ಕೈಯೂರಿ, ಮಾಯಾಮಾಳವಗೌಳದ ಸರಳೆ ವರಸೆಯನ್ನು ನುಡಿಸಿದಳು. ಅವಳಿಗೆ ಆಗ ಬರುತ್ತಿದ್ದುದು ಅಷ್ಟೇ. ಮುಗಿದಾಗ ಹೊಗಳಿಕೆಯನ್ನು ನಿರೀಕ್ಷಿಸಿ ತಲೆಯೆತ್ತಿದಳು. ತಾಯಿ ಕಣ್ಣು ಮುಚ್ಚಿಯೇ ಇದ್ದು, “ಪಂಚಮದ ತಂತಿ ಒಂದೆಳೆ ಇಳಿದಿದೆ ಮಗೂ, ಏರಿಸಿಕೊ” ಎಂದರು. ಮೊಮ್ಮಗಳು ಬಿರಡೆಯನ್ನು ತಿರುಗಿಸಿ ನೋಡಿದಳು. ನಿಜವಾಗಿಯೂ ಇಳಿದಿತ್ತು. ಅವರು ಎಂದೂ ವೀಣೆಯನ್ನು ಕಲಿತವರಲ್ಲ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಅತ್ತೆಯವರ ವೀಣೆಯನ್ನು ಕೇಳಿದವರು. “ಇನ್ನೊಂದು ಸಲ ಮೊದಲಿನಿಂದ ನುಡಿಸು,” ಎಂದರು. ಅವಳು ನುಡಿಸಿದಳು.

ಹಿಂದಿರುಗುವಾಗ ನಮ್ಮೂರ ಕೆರೆಯ ಏರಿಯ ಮೇಲೆ ಬಂದೆವು. ಅಂಗಳದ ಮಣ್ಣು ಇನ್ನೂ ಬಿರಿದೇ ಇತ್ತು, ಮಳೆ ಬೀಳಬೇಕಾಗಿತ್ತು. ವೀಣೆಯನ್ನು ಹೆಗಲಿಗೆ ಆತುಕೊಂಡು ಮುಂದೆ ನಡೆಯುತ್ತಿದ್ದ ಮೊಮ್ಮಗಳು ಆ ಬಿರುಕುಗಳ ಕಡೆ ನೋಡಲಿಲ್ಲ. ಕಾಲ ಕೆಳಗಿನ ಏರಿಯನ್ನು ನೋಡುತ್ತ ನಡೆಯುತ್ತಿದ್ದಳು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಲೇಖಕರ ತಂದೆಯವರು ಯಾವ ಬಿರುಕಿಗೆ ಅಂಜಬೇಕೆಂದರು?
2. ವೀಣೆಯನ್ನು ಮಾರಿದ ತಾಯಿ ಯಾವ ಮಾತನ್ನು ಪಡೆದುಕೊಂಡರು?
3. ವೀಣೆಯ ಎಷ್ಟನೆಯ ಮೆಟ್ಟಿಲು ತಂತಿಯ ನಡುಮಧ್ಯದಲ್ಲಿ ಬರುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪಾಲಿಷಿನ ಬಿರುಕಿಗೂ ಮರದ ಬಿರುಕಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
2. ಮೇಲಂತಸ್ತಿನ ಕೋಣೆಯಲ್ಲಿ ಇಟ್ಟುದರಿಂದ ವೀಣೆಗೆ ಯಾವ ಯಾವ ತೊಂದರೆಗಳಾದವು? ಏಕೆ?
3. ಲೇಖಕರು ಪಾಲಿಷಿನವರ ಸಲಹೆಯನ್ನು ಒಪ್ಪದಿರಲು ಕಾರಣವೇನು?

ಇ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ನನ್ನ ಆಮೇಲೆಯೂ ಒಬ್ಬರು ಬಿಚ್ಚುತ್ತಾರೆ.”
2. “ಪಂಚಮದ ತಂತಿ ಒಂದೆಳೆ ಇಳಿದಿದೆ ಮಗೂ.”

ಈ) ನಿಮ್ಮ ಮನೆಯಲ್ಲಿರುವ ಹಳೆಯ ವಸ್ತುವೊಂದನ್ನು ಪರೀಕ್ಷಿಸಿ, ಅದರಲ್ಲಿ ಸರಿಪಡಿಸಬೇಕಾದುದು ಯಾವುದು, ಹಾಗೆಯೇ ಉಳಿಸಬೇಕಾದುದು ಯಾವುದು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ.